ಸೊನೆ ಇಳಿಸುವ ಮಂಚ ಕಟ್ಟಿದ ಬಗೆ

ಮೊದಲು ಖರ್ಚಿನ ಮಾತು ಹೇಳಿಬಿಡುತ್ತೇನೆ. ಈ ಕೆಲಸಕ್ಕೆ ನನ್ನ ಹಳೆಯ ಟೆಂಪೋ ಹೋಯಿತು. ಯಲ್ದೂರು ಕಡೆ ಗುತ್ತಿಗೆಗೆ ಹಿಡಿದಿದ್ದ ಬಾದಾಮಿ ಮಾವಿನ ತೋಟದ ಮೊದಲ ಕೊಯ್ಲು ಪೂರ್ತಿ ಜ್ಯೂಸ್ ಫ್ಯಾಕ್ಟರಿಗೆ, ಅವರು ಕೇಳಿದ ದರಕ್ಕೆ ಹೋಯಿತು. ಜೊತೆಗೆ, ಇಬ್ಬರ ನಡುವೆ ನಿಂತು ಇಬ್ಬರಿಗೂ ಅರ್ಧರ್ಧ ಹೇಳಿ ಬದುಕುವ ನನ್ನ ಕಸುಬಿನ ಮುಖ್ಯ ಅಭ್ಯಾಸ ಒಂದು ಹೋಯಿತು. ಟೆಂಪೋ ಮಾರಿದ್ದು ಕಬ್ಬಿಣ, ಪೈಪು, ಬಲೆ ಕೊಳ್ಳಲಿಕ್ಕೆ. ಕಾಯಿ ಕಳಕೊಂಡದ್ದು, ಬೇರೆ ಬೇರೆ ಕೆಲಸ ಬಲ್ಲ ಮೂವರನ್ನು ಒಂದು ಕೆಲಸಕ್ಕೆ ಹಚ್ಚಿ, ಅವರು ಒಬ್ಬರ ಮುಖ ಒಬ್ಬರು ನೋಡದ ಹಾಗೆ ನಾನೇ ತಡೆದಿದ್ದಕ್ಕೆ. ಅಭ್ಯಾಸವನ್ನು ಮಾತ್ರ ಕೈಯಾರೆ ಬಿಟ್ಟೆ. ಮೂರರಲ್ಲಿ ಅದೇ ದುಬಾರಿ.

ಶ್ರೀನಿವಾಸಪುರದ ಮಂಡಿಯಲ್ಲಿ ನಾನು ಮಾವಿನ ವ್ಯಾಪಾರಿ. ಸೀಸನ್ನಿನಲ್ಲಿ ಬೆಳಗ್ಗೆ ಮಂಡಿಗೆ ಬಂದರೆ ಅರ್ಧ ಎಚ್ಚರ, ಅರ್ಧ ನಿದ್ದೆ. ಒಣಹುಲ್ಲಿನ ಬಿಸಿ ವಾಸನೆ, ಹಣ್ಣಾಗುತ್ತಿರುವ ಕಾಯಿಯ ವಾಸನೆ, ಟ್ರ್ಯಾಕ್ಟರಿನ ಹೊಗೆ ಎಲ್ಲ ಸೇರಿ ತಲೆಯೊಳಗೆ ಮಂಜು ಕವಿದ ಹಾಗಿರುತ್ತದೆ. ಗುಡ್ಡೆ ಹಾಕಿದ ಕಾಯಿಯ ನಡುವೆ ನಡೆಯುವಾಗ ನೆಲ ಎಲ್ಲಿದೆ, ನಾನು ಎಲ್ಲಿದ್ದೇನೆ ಅನ್ನುವುದೇ ಮರೆಯುತ್ತದೆ. ಆದರೆ ಕಣ್ಣು ಮಾತ್ರ ಮಲಗುವುದಿಲ್ಲ. ಅದು ಹುಡುಕುವುದು ಒಂದನ್ನೇ, ಸೊನೆ ಕಲೆ.

ಮಾವಿನ ಕಾಯಿಯ ತೊಟ್ಟು ಮುರಿದ ತಕ್ಷಣ ಅದರಿಂದ ಸೊನೆ ಚಿಮ್ಮುತ್ತದೆ. ಸಿಪ್ಪೆಯ ಮೇಲೆ ಹರಿದರೆ ಆ ಹೊತ್ತಿಗೆ ಹೆಚ್ಚೇನೂ ಕಾಣುವುದಿಲ್ಲ. ಕಾಯಿ ಹಣ್ಣಾಗುತ್ತಾ ಬಂದ ಹಾಗೆ ಹರಿದ ದಾರಿಯೆಲ್ಲ ಸುಟ್ಟ ಹಾಗೆ ಕಪ್ಪಾಗುತ್ತದೆ. ಒಳಗಿನ ಹಣ್ಣು ಜೇನಿನಂತಿದ್ದರೂ ಮೇಲಿನ ಕಲೆ ನೋಡಿ ಗಿರಾಕಿ ಕೈ ಹಿಂದೆಗೆಯುತ್ತಾನೆ. ಅಂಥ ಕಾಯಿ ಕೊನೆಗೆ ಜ್ಯೂಸ್ ಫ್ಯಾಕ್ಟರಿಗೇ ಹೋಗಬೇಕು. ಬೆಂಗಳೂರಿನ ಒಬ್ಬ ಖರೀದಿದಾರ, ಹೊರದೇಶಕ್ಕೆ ಕಳಿಸುವವನು, ನನ್ನ ಅಂಗಡಿಯ ಮುಂದೆ ಕಾಯಿ ತಿರುಗಿಸಿ ನೋಡುತ್ತಾ ಹೇಳಿದ: “ಕಲೆ ಇಲ್ಲದ ಬಾದಾಮಿ ಕೊಡಿ, ತೋಟ ಪೂರ್ತಿ ನಂದೇ. ಕಲೆ ಇದ್ರೆ ಮಾತ್ರ ನಂಗೆ ಫೋನೇ ಮಾಡ್ಬೇಡಿ.”

ಅದೇ ವಾರ ನನ್ನ ತೋಟದಲ್ಲಿ ಕಾಯಿ ಕೀಳುವ ಹೆಂಗಸರ ಗುಂಪಿನ ಮೇಸ್ತ್ರಿಯಮ್ಮ ಬಂದಳು. ಯಲ್ದೂರಿನ ಆಚೆಯ ಹಳ್ಳಿಯವಳು. ಮನೆಯಲ್ಲಿ ತೆಲುಗು, ತೋಟದಲ್ಲಿ ಕನ್ನಡ, ಕೋಪ ಬಂದರೆ ಎರಡೂ.

“ಫ್ಯಾಕ್ಟ್ರಿಗೆ ಹೋಗೋ ಕಾಯಿ ಕೀಳಾಕೆ ನಾವು ಬೇಕಾ ಅಣ್ಣ?” ಅಂದಳು. “ಕೊಂಬೆ ಹಿಡ್ದು ಅಲ್ಲಾಡಿಸಿದ್ರೆ ಉದುರ್ತವೆ. ಎವರೈನಾ ಮಾಡ್ತಾರೆ, ಯಾರಾದ್ರೂ ಮಾಡ್ತಾರೆ ಅದ. ಈ ಸಲನೂ ಅಂಗೇ ಆದ್ರೆ ನಮ್ ಹೆಂಗಸ್ರು ಟಮೋಟ ಕೀಳಾಕೆ ಹೊರಟೋಗ್ತಾರೆ. ಆಮೇಲೆ ನೀನು ಕರುದ್ರೂ ಗುಂಪು ಇರಲ್ಲ, ನಾನೂ ಇರಲ್ಲ.”

ಅದು ಬೆದರಿಕೆಯಲ್ಲ, ಇದ್ದದ್ದನ್ನೇ ಹೇಳಿದಳು. ಒಂದೊಂದು ಕಾಯಿಯನ್ನೂ ಕೂಸಿನ ಹಾಗೆ ಇಳಿಸಲು ಬಲ್ಲ ಹೆಂಗಸರ ಗುಂಪು ಒಮ್ಮೆ ಚದುರಿದರೆ ಮತ್ತೆ ಕೂಡಿಸಲಾಗದು. ಅವಳ ಗುಂಪು ಉಳಿಯುವುದೋ ಇಲ್ಲವೋ ಎಂಬುದು ಆ ಬಾದಾಮಿ ತೋಟದ ಮೇಲೆ ನಿಂತಿತು.

ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ನನ್ನಂಥವರನ್ನೇ ಸೇರಿಸಿದೆ. ಮಂಡಿಯ ಒಂದಿಷ್ಟು ವ್ಯಾಪಾರಿ ಗೆಳೆಯರು ಚಹಾ ಕುಡಿಯುತ್ತಾ ಒಂದು ಮಧ್ಯಾಹ್ನ ಪೂರ್ತಿ ಯೋಚಿಸಿದೆವು. ಕಲೆಯಿರುವ ಕಾಯಿಗೆ ಎಷ್ಟು ಕಡಿಮೆ ಕೊಡಬಹುದು, ಕಲೆಯನ್ನು ಕ್ರೇಟಿನಲ್ಲಿ ಹೇಗೆ ಕೆಳಮುಖ ಮಾಡಿ ಜೋಡಿಸಬಹುದು ಎಂದೆಲ್ಲ ಬಲು ಚುರುಕಾಗಿ ಮಾತಾಡಿದೆವು. ಕಲೆ ಬೀಳದ ಹಾಗೆ ಮಾಡುವ ಮಾತು ಯಾರ ಬಾಯಿಂದಲೂ ಬರಲಿಲ್ಲ. ನಮಗೆ ಬೆಲೆ ಕಟ್ಟಲು ಬರುತ್ತಿತ್ತು, ಅಷ್ಟೆ. ಒಂದೇ ಅಳತೆಯ ತಲೆಗಳು.

ಆಗ ಬೇರೆ ಅಳತೆಯವರನ್ನು ಹುಡುಕಲು ಹೊರಟೆ. ಮಾಲೂರಿನಲ್ಲಿ ಒಬ್ಬ ವೆಲ್ಡರ್ ಇದ್ದ. ಕಾರ್ಖಾನೆಗಳಿಗೆ ಗಾಲಿ ತಳ್ಳುಬಂಡಿ ಮಾಡಿಕೊಡುವವನು. ಟೆಂಪೋದ ಬಾಡಿ ಬೆಸೆಯಿಸಲು ಅವನ ಶೆಡ್ಡಿಗೆ ಹೋದಾಗ ಕೈಚಳಕ ನೋಡಿದ್ದೆ. ಮುಳಬಾಗಿಲಿನಲ್ಲಿ ಒಬ್ಬ ಕೆಮಿಸ್ಟ್ರಿ ಮೇಡಂ ಇದ್ದರು. ತಲೆತಲಾಂತರದಿಂದ ಪೂಜೆ ಮತ್ತು ಲೆಕ್ಕಪತ್ರದ ಮನೆತನ. ಅವರು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಪ್ರತಿ ವರ್ಷ ನನ್ನ ಅಂಗಡಿಗೆ ಬಂದು, “ಈ ಕಲೆ ಇರೋದನ್ನ ದೇವರ ಮುಂದೆ ಹೇಗ್ರೀ ಇಡೋದು?” ಎಂದು ಒಂದೊಂದನ್ನೇ ವಾಪಸು ಇಡುತ್ತಿದ್ದವರು. ಮೂರನೆಯವಳು ಮೇಸ್ತ್ರಿಯಮ್ಮ. ಕಬ್ಬಿಣ ಬಲ್ಲವನು, ಸೊನೆ ಏನೆಂದು ಬಲ್ಲವರು, ಮರ ಬಲ್ಲವಳು. ಕಾಗದದ ಮೇಲೆ ಇಂಥ ಗುಂಪು ಮತ್ತೊಂದಿಲ್ಲ ಅನಿಸಿತು.

ಇಲ್ಲಿ ನಮ್ಮ ಮಂಡಿಯ ಪದ್ಧತಿಯೊಂದನ್ನು ಹೇಳಬೇಕು. ಈಗ ಕೂಗಿ ಹರಾಜು ಹಾಕುವುದೂ ಇದೆ. ಆದರೆ ನಮ್ಮಂಥ ಹಳಬರು ಈಗಲೂ ಒಮ್ಮೊಮ್ಮೆ ಟವಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ದರ ಹೇಳುತ್ತೇವೆ. ಪಕ್ಕದಲ್ಲಿ ನಿಂತವನಿಗೆ ನಗುವ ಎರಡು ಮುಖ ಕಾಣುತ್ತವೆ, ದರ ಕಾಣುವುದಿಲ್ಲ. ಮಾರುವವನ ಬೆರಳು ಬೇರೆ, ಕೊಳ್ಳುವವನ ಬೆರಳು ಬೇರೆ. ಎರಡನ್ನೂ ಬಲ್ಲವನು ನಡುವಿನವನು ಒಬ್ಬನೇ. ಅದರಲ್ಲೇ ಅವನ ಅನ್ನ. ಯಾವ ತೋಟ, ಯಾವ ಜಾತಿಯ ಕಾಯಿ, ಯಾರಿಗೆ ಎಂಬುದನ್ನು ಕೊಯ್ಲಿನ ದಿನದವರೆಗೆ ಬಾಯಿ ಬಿಡಬಾರದು ಎಂಬುದನ್ನು ನಾನು ಮೀಸೆ ಬರುವ ಮೊದಲೇ ಕಲಿತಿದ್ದೆ.

ಹಾಗಾಗಿ ಮೂವರ ಹತ್ತಿರವೂ ಹಾಗೆಯೇ ಮಾತಾಡಿದೆ.

ವೆಲ್ಡರನಿಗೆ, “ಭಾಯ್, ಕಾಯಿ ತಲೆಕೆಳಗಾಗಿ ನಿಲ್ಲೋ ಅಂಥ ಚೌಕಟ್ಟು ಬೇಕು. ಗಟ್ಟಿಯಾಗಿರ್ಲಿ, ನಾಲ್ಕು ಕಾಲ ಬಾಳಬೇಕು” ಅಂದೆ. ಅಳತೆಗೆಂದು ಕೊಟ್ಟಿದ್ದು ತೋತಾಪುರಿ. ಬಾದಾಮಿ ಎಂದರೆ ಮಾಲೂರಿನಿಂದ ಮಾತು ಹೊರಟು ಬೇರೆ ವ್ಯಾಪಾರಿಗಳ ಕಿವಿ ಮುಟ್ಟೀತು ಎಂಬ ಜಾಣತನ. ಮೇಡಂಗೆ, “ಸೊನೆ ತೊಳೆದು ಹೋಗೋ ನೀರು ಯಾವ್ದು ಹೇಳಿ, ಉಳಿದಿದ್ದು ನಾನು ನೋಡ್ಕೋತೀನಿ” ಅಂದೆ. ಸೊನೆಯಲ್ಲಿ ಎಣ್ಣೆಯ ಅಂಶ ಇರುವುದರಿಂದ ಬರೀ ನೀರಿಗೆ ಹೋಗುವುದಿಲ್ಲ, ಸುಣ್ಣದ ತಿಳಿನೀರು ಬೇಕು, ಅದಕ್ಕೂ ಮೊದಲು ಕಾಯಿ ತಲೆಕೆಳಗಾಗಿ ಸೊನೆ ಪೂರ್ತಿ ಇಳಿಸಿರಬೇಕು ಎಂದು ಅವರು ನಿಧಾನವಾಗಿ ಬಿಡಿಸಿ ಹೇಳಿದರು. ನಾನು ತಲೆಯಾಡಿಸಿ, ನೆನಪಿದ್ದಷ್ಟನ್ನು ಮೇಸ್ತ್ರಿಯಮ್ಮನಿಗೆ ದಾಟಿಸಿದೆ. ಅವಳಿಗೆ, “ಹಗುರವಾದ್ದು ಒಂದು ಬರ್ತದೆ ಅಕ್ಕ, ನಿಮಗೆ ಕೆಲಸವೇ ಇರಲ್ಲ” ಅಂತಲೂ ಹೇಳಿದೆ. ಸಾಲದ್ದಕ್ಕೆ ಪ್ರತಿಯೊಬ್ಬರಿಗೂ ಕೊನೆಯಲ್ಲಿ ಒಂದು ಬೆಲ್ಲದ ತುಂಡು ಕೊಟ್ಟೆ: “ಇದು ನಿಮ್ಮ ಹೆಸರಲ್ಲೇ ಹೊರಗೆ ಬರ್ತದೆ.”

ಆ ದಿನಗಳು ಕನಸಿನ ಹಾಗೆ ಕಳೆದವು. ಬೆಳಗ್ಗೆ ಯಲ್ದೂರಿನ ದಾರಿಯಲ್ಲಿ ಹೋದರೆ ಎರಡೂ ಬದಿಯ ಮರಗಳು ಕಾಯಿಯ ಭಾರಕ್ಕೆ ನೆಲದತ್ತ ಬಾಗಿ ಏನೋ ಹೇಳಲು ಬಂದ ಹಾಗಿರುತ್ತಿದ್ದವು. ಇಬ್ಬನಿಯಲ್ಲಿ ಕಾಯಿಗೆ ಬಣ್ಣವಿರುವುದಿಲ್ಲ, ಆಕಾರವಷ್ಟೇ. ಬಿಸಿಲು ಏರಿದ ಹಾಗೆ ಒಂದೊಂದಕ್ಕೇ ಹಸಿರು ಬರುತ್ತದೆ, ಯಾರೋ ಒಳಗಿಂದ ದೀಪ ಹಚ್ಚುತ್ತಾ ಬಂದ ಹಾಗೆ. ಬೈರಕೂರಿನ ಕಡೆಯಿಂದ ಮೋಡ ಎದ್ದು, ಮಳೆ ಬೀಳಿಸದೆ, ತೋಟದ ಮೇಲೆ ನೆರಳು ಎಳೆದುಕೊಂಡು ಹೋಗುತ್ತಿತ್ತು. ನಾನು ಮರದ ಕೆಳಗೆ ನಿಂತು ನನ್ನ ಕಾಯಿ ಸಮುದ್ರ ದಾಟುವುದನ್ನು ಕಾಣುತ್ತಿದ್ದೆ. ಯಾವುದೋ ದೇಶದ ಮೇಜಿನ ಮೇಲೆ ಬಿಳಿ ತಟ್ಟೆ, ಅದರಲ್ಲಿ ಕಲೆಯಿಲ್ಲದ ಬಾದಾಮಿ. ತಿನ್ನುವವರ ಮುಖ ಮಾತ್ರ ಎಂದೂ ಸ್ಪಷ್ಟವಾಗಲಿಲ್ಲ.

ಮೊದಲ ಕೊಯ್ಲಿನ ಬೆಳಗ್ಗೆ ಮೂವರೂ ಮೊದಲ ಸಲ ಒಂದೇ ತೋಟಕ್ಕೆ ಬಂದರು. ಖರೀದಿದಾರ ಮಧ್ಯಾಹ್ನ ಬರುವವನಿದ್ದ.

ವೆಲ್ಡರನ ಚೌಕಟ್ಟನ್ನು ಟೆಂಪೋದಿಂದ ಇಳಿಸಲು ಗಂಡಸರೇ ನಾಲ್ಕಾರು ಜನ ಬೇಕಾಯಿತು. ದಪ್ಪ ಆಂಗಲ್ ಪಟ್ಟಿ, ಅದರ ಮೇಲೆ ಕಂಬಿಯ ಜಾಲರಿ. ಬೆಸುಗೆ ಒಂದೊಂದೂ ಮುತ್ತು ಪೋಣಿಸಿದ ಹಾಗಿತ್ತು.

ಮೇಸ್ತ್ರಿಯಮ್ಮ ಸೊಂಟದ ಮೇಲೆ ಕೈಯಿಟ್ಟು ಅದನ್ನು ಒಂದು ಸುತ್ತು ಬಂದಳು. “ಏಂ ಭಾಯ್, ಯಾರ ಮದುವೆಗೆ ಈ ಮಂಚ?” ಅಂದಳು. “ಮರದಿಂದ ಮರಕ್ಕೆ ಇದನ್ನ ನಮ್ ಹೆಂಗಸ್ರು ಹೊತ್ಕಂಡು ತಿರುಗ್ಬೇಕಾ? ಮರಾನೇ ಇದರತ್ರ ಕರ್ಕಂಡು ಬರಾದು ಸುಲಭ.”

“ಹೊರ್ತಾರೆ ಅಂತ ಯಾರು ಹೇಳಿದ್ರು ಅಕ್ಕಾ?” ಅಂದ ವೆಲ್ಡರ್. “ಒಂದೇ ಕಡೆ ನಿಲ್ಲಿಸೋದು ಅನ್ಕೊಂಡೆ ನಾನು. ಗಟ್ಟಿ ಬೇಕು ಅಂದ್ರು, ಗಟ್ಟಿ ಮಾಡ್ದೆ.”

ಇಬ್ಬರೂ ನನ್ನ ಕಡೆ ನೋಡಿದರು. ನಾನು ಕೊಯ್ಲು ಶುರು ಮಾಡಿ ಅಂದೆ.

ಕಾಯಿ ಬಂತು. ಜಾಲರಿಯ ಕಣ್ಣು ತೋತಾಪುರಿಯ ಉದ್ದದ ಅಳತೆಗೆ ಇದ್ದದ್ದರಿಂದ ಗುಂಡಗಿನ ಬಾದಾಮಿ ಒಂದೋ ಓರೆಯಾಗಿ ಮಲಗುತ್ತಿತ್ತು, ಇಲ್ಲವೇ ಜಾರಿ ಕಂಬಿಗೆ ಉಜ್ಜಿಕೊಳ್ಳುತ್ತಿತ್ತು. ಹೆಂಗಸರು ನಾನು ಹೇಳಿದ ಹಾಗೆ ಉದ್ದ ತೊಟ್ಟು ಬಿಟ್ಟು ಕುಯ್ದರು, ನಾನು ಹೇಳಿದ ಹಾಗೆ ತೊಟ್ಟು ಚಿವುಟಿದರು, ಆಮೇಲೆ ತಲೆಕೆಳಗು ಮಾಡಿದರು. ಚಿವುಟುವುದಕ್ಕೂ ತಿರುಗಿಸುವುದಕ್ಕೂ ನಡುವಿನ ಆ ಒಂದು ಉಸಿರಿನಲ್ಲೇ ಸೊನೆ ಚಿಮ್ಮಿ ಕಾಯಿಯ ಕೆನ್ನೆಯ ಮೇಲೆ ಇಳಿಯುತ್ತಿತ್ತು.

ಮೇಡಂ ಓಡಿ ಬಂದರು. “ತಿರುಗಿಸಿ ಹಿಡಿದುಕೊಂಡು ಆಮೇಲೆ ತೊಟ್ಟು ಕತ್ತರಿಸಬೇಕು ಅಂತ ಹೇಳಿದ್ದೆನಲ್ಲ ನಿಮಗೆ?”

ಹೇಳಿದ್ದರು. ನಾನೇ ದಾಟಿಸುವಾಗ ಹಿಂದು ಮುಂದು ಮಾಡಿದ್ದೆ. ನನಗೆ ಅದರಲ್ಲಿ ಯಾವ ವ್ಯತ್ಯಾಸವೂ ಕಂಡಿರಲಿಲ್ಲ. ನಾನು ಕಾಯಿ ಕೊಯ್ದವನಲ್ಲ, ಸೊನೆ ಓದಿದವನೂ ಅಲ್ಲ.

ಖರೀದಿದಾರ ಬಂದು ಕ್ರೇಟಿನ ತಳದಿಂದ ಕಾಯಿ ತೆಗೆದು ಬಿಸಿಲಿಗೆ ಹಿಡಿದ. ಓರೆಯಾಗಿ ಹಿಡಿದಾಗ ಸೊನೆ ಹರಿದ ಗೆರೆ ಬಸವನಹುಳು ನಡೆದ ದಾರಿಯಂತೆ ಮಿನುಗಿತು. ಅವನು ಬೈಯಲಿಲ್ಲ. “ಇನ್ನೊಂದು ಕೊಯ್ಲಿಗೆ ಬರ್ತೀನಿ. ಅದೂ ಹಿಂಗೇ ಆದ್ರೆ ಬೇರೆ ತೋಟ ನೋಡ್ಕೋತೀನಿ” ಎಂದು ಕಾಯಿಯನ್ನು ಮೆಲ್ಲಗೆ ವಾಪಸು ಇಟ್ಟು ಹೊರಟ.

ಅವನ ಕಾರಿನ ಧೂಳು ಇಳಿಯುವ ಮೊದಲೇ ಮಾತು ಶುರುವಾಯಿತು.

“ಬಾದಾಮಿ ಅಂತ ಒಂದ್ ಮಾತು ಹೇಳಿದ್ರೆ ನಿಮ್ಮ ಗಂಟು ಹೋಗ್ತಿತ್ತಾ ಸಾಹುಕಾರ್?” ಅಂದ ವೆಲ್ಡರ್. “ಇದು ನನ್ನ ಹೆಸರಲ್ಲಿ ಹೊರಗೆ ಬರೋ ಐಟಂ. ನಾಳೆ ಮಾಲೂರಲ್ಲಿ ಏನಂತಾರೆ ನನ್ನ?”

“ನಿನ್ನ ಹೆಸರಲ್ಲಾ?” ಮೇಸ್ತ್ರಿಯಮ್ಮ ತಿರುಗಿದಳು. “ಈ ಅಣ್ಣ ನಮ್ ಗುಂಪಿನ ಹೆಸರು ಅಂದಿದ್ನಲ್ಲ?”

ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಾ, “ನನಗೂ ಅದನ್ನೇ ಹೇಳಿದ್ರು” ಅಂದರು, ಮೆಲ್ಲಗೆ.

ಆಮೇಲೆ ಮೇಸ್ತ್ರಿಯಮ್ಮ ನಕ್ಕಳು, ಅದು ನಗುವಾಗಿರಲಿಲ್ಲ. “ಭಲೇ ಅಣ್ಣ. ಒಂದು ಹೆಣ್ಣನ್ನ ಮೂರು ಮನೆಗೆ ಮಾತು ಕೊಟ್ಟ ಹಾಗಾಯ್ತು.”

ಅವರು ಹೊರಟುಹೋದರು. ಹೆಂಗಸರ ಗುಂಪು ಗದ್ದೆಯ ಬದುವಿನ ಮೇಲೆ ಸಾಲಾಗಿ ನಡೆದು ಬಿಸಿಲಲ್ಲಿ ಕರಗಿತು. ನಾನು ಉಳಿದೆ, ಆ ಕಬ್ಬಿಣದ ಚೌಕಟ್ಟು ಉಳಿಯಿತು. ಬೇರೆ ಏನೂ ತೋಚದೆ ಅದರ ಮೇಲೆ ಗೋಣಿ ಹಾಸಿ ಮಲಗಿದೆ. ಮಂಚ ಅಂದಿದ್ದಳಲ್ಲ, ಮಂಚವಾಗಿಯಾದರೂ ಕೆಲಸಕ್ಕೆ ಬರಲಿ.

ಮಧ್ಯಾಹ್ನದ ಮಾವಿನ ತೋಟದಲ್ಲಿ ಮಲಗಿದವರಿಗೆ ಗೊತ್ತು, ಅಲ್ಲಿ ನಿದ್ದೆ ಬರುವುದಿಲ್ಲ, ನಾವೇ ನಿದ್ದೆಯ ಒಳಗೆ ಹೋಗುತ್ತೇವೆ. ಎಲೆಗಳ ನಡುವಿನ ಬಿಸಿಲು ಮೈಮೇಲೆ ನಾಣ್ಯ ಚೆಲ್ಲಿದ ಹಾಗೆ ಓಡಾಡುತ್ತಿತ್ತು. ಎಲ್ಲೋ ಟಪ್ ಎಂದು ಒಂದು ಕಾಯಿ ಬಿತ್ತು, ತುಂಬಾ ಹೊತ್ತಿನ ಮೇಲೆ ಇನ್ನೊಂದು. ಅರೆಗಣ್ಣಿನಲ್ಲಿ ನಮ್ಮ ಮಂಡಿ ಕಂಡಿತು. ಆಕಾಶದಷ್ಟು ಅಗಲದ ಟವಲು. ಅದರ ಕೆಳಗೆ ಊರಿನವರೆಲ್ಲರ ಕೈ ಸೇರಿವೆ. ಯಾರ ಬೆರಳು ಯಾರದು ತಿಳಿಯುತ್ತಿಲ್ಲ. ಒಬ್ಬರು ಒತ್ತಿದ ಬೆರಳಿಗೆ ಇನ್ನಾರೋ ಹೂಂ ಅನ್ನುತ್ತಾರೆ. ನಾನು ನಡುವೆ ನಿಂತು ನನ್ನ ಕೈ ಯಾವುದೆಂದು ಹುಡುಕುತ್ತಿದ್ದೇನೆ, ಸಿಗುತ್ತಿಲ್ಲ. ಭಯವೇನೂ ಆಗಲಿಲ್ಲ. ಯಾರಾದರೂ ಆ ಬಟ್ಟೆ ಎತ್ತಿದರೆ ಸಾಕು, ಗಾಳಿಯಾದರೂ ಬರುತ್ತದೆ ಎಂದಷ್ಟೇ ಅನಿಸಿತು.

ಕಣ್ಣು ಬಿಟ್ಟಾಗ ಬೆನ್ನಿಗೆ ಜಾಲರಿಯ ಅಚ್ಚು ಬಿದ್ದಿತ್ತು. ತೀರ್ಮಾನವೂ ಆಗಿತ್ತು. ನಡುವಿನಿಂದ ಸರಿಯಬೇಕು.

ಹೇಳುವುದು ಸುಲಭ. ಚೌಕಾಸಿ ಮಾಡದೆ ಮಾತಾಡುವುದು ನನ್ನಂಥವನಿಗೆ ಉಪವಾಸಕ್ಕಿಂತ ಕಷ್ಟ. ಮೂವರ ಮನೆಗೂ ಹೋದೆ. ಎಲ್ಲರಿಗೂ ಒಂದೇ ಮಾತು, ಒಂದೇ ದನಿಯಲ್ಲಿ: ಯಾವ ತೋಟ, ಯಾವ ಕಾಯಿ, ಯಾರು ಕೊಳ್ಳುವವನು, ನನಗೆ ಏನು ಉಳಿಯುತ್ತದೆ, ಉಳಿದರೆ ನಾಲ್ವರಿಗೂ ಸಮಪಾಲು, ಹೆಸರು ಯಾರೊಬ್ಬರದೂ ಅಲ್ಲ. ಅವರವರ ಷರತ್ತು ಕೇಳಿದೆ. ವೆಲ್ಡರ್, “ಶೆಡ್ಡಲ್ಲಿ ಮಾಡಲ್ಲ, ಮಷಿನ್ ತಗೊಂಡು ತೋಟಕ್ಕೇ ಬರ್ತೀನಿ. ಕಾಯಿ ಮುಂದೆ ಇಟ್ಕೊಂಡೇ ಮಾಡೋದು” ಅಂದ. ಮೇಡಂ, “ನಾನು ಹೇಳೋದನ್ನ ನಾನೇ ಹೇಳ್ತೀನಿ. ನೀವು ದಾಟಿಸಬೇಡಿ” ಅಂದರು. ಮೇಸ್ತ್ರಿಯಮ್ಮ ರಾಗಿ ಕೇರುತ್ತಾ ಕೂತಿದ್ದಳು, ತಲೆ ಎತ್ತಲಿಲ್ಲ. “ನಾನು ಎತ್ತಿ ನೋಡದೆ ಯಾವ್ದೂ ಮುಗೀತು ಅನ್ಬಾರ್ದು” ಅಂದಳು. ಮೂರಕ್ಕೂ ಹೂಂ ಅಂದೆ. ಒಂದಿಷ್ಟು ಜಗ್ಗಾಡಲು ನಾಲಿಗೆ ತುರಿಸುತ್ತಿತ್ತು. ಕಚ್ಚಿಕೊಂಡೆ.

ಟೆಂಪೋ ಮಾರಿದ್ದು ಆಗ. ಕೋಲಾರಕ್ಕೆ ಹೋಗಿ ಹಗುರವಾದ ಚೌಕ ಪೈಪು ತಂದೆ. ಸುಗಟೂರಿನ ರೇಷ್ಮೆ ಬೆಳೆಗಾರನೊಬ್ಬನಿಂದ ಹುಳು ಸಾಕುವಲ್ಲಿ ಬಳಸುವ ನೈಲಾನ್ ಬಲೆ ತಂದೆ. ಅದು ಮೇಡಂ ಸೂಚಿಸಿದ್ದು, ಕಂಬಿ ಸಿಪ್ಪೆಯನ್ನು ಗೀರುತ್ತದೆ, ಬಲೆ ಗೀರುವುದಿಲ್ಲ ಅಂತ.

ಮತ್ತೆ ತೋಟದಲ್ಲಿ ಸೇರಿದ ಮೊದಲ ಬೆಳಗ್ಗೆ ಯಾರೂ ಏನೂ ಕಟ್ಟಲಿಲ್ಲ. ಮೇಸ್ತ್ರಿಯಮ್ಮನ ಹಟ, ಎಲ್ಲರೂ ಒಂದೊಂದು ಮರ ಕುಯ್ಯಬೇಕು. ಉದ್ದ ಗಳದ ತುದಿಗೆ ಕತ್ತಿ, ಅದರ ಕೆಳಗೆ ಬಲೆಯ ಚೀಲ ಕಟ್ಟಿದ ದೋಟಿ ಹಿಡಿದು ಕತ್ತೆತ್ತಿ ನಿಂತರೆ, ಸ್ವಲ್ಪ ಹೊತ್ತಿಗೇ ಆಕಾಶ ತೇಲಿದ ಹಾಗಾಗುತ್ತದೆ. ಯಾವ ಎಲೆ, ಯಾವ ಕಾಯಿ ತಿಳಿಯುವುದಿಲ್ಲ.

“ಮೇಡಮ್ಮೋರೇ, ಮೇಲೆ ನೋಡ್ತಾ ಬಾಯಿ ತೆಗೀಬೇಡಿ. ಸೊನೆ ಬಿದ್ರೆ ನಾಳೆ ಕ್ಲಾಸಲ್ಲಿ ಮಕ್ಳು ಗುರುತು ಹಿಡಿಯಲ್ಲ” ಅಂದಳು ಮೇಸ್ತ್ರಿಯಮ್ಮ.

ಬಾಯಿಗೆ ಬೀಳಲಿಲ್ಲ, ಕೆನ್ನೆಗೆ ಬಿತ್ತು. ಉರಿ ತಡೆಯಲಾರದೆ ಮೇಡಂ ಕೂತುಬಿಟ್ಟರು. ಮೇಸ್ತ್ರಿಯಮ್ಮ ಅವರದೇ ತಿಳಿನೀರಿನಲ್ಲಿ ಬಟ್ಟೆ ಅದ್ದಲು ಹೋದಾಗ ಮೇಡಂ ಕೈ ಹಿಡಿದು ತಡೆದರು. “ಮುಖಕ್ಕೆ ಸುಣ್ಣದ ನೀರು ಬೇಡಮ್ಮ, ಸೋಪು ಕೊಡಿ. ಸುಣ್ಣ ಕಾಯಿಗೆ.” ಹೆಂಗಸರೆಲ್ಲ ಸುತ್ತ ನೆರೆದರು. ಅಷ್ಟು ವರ್ಷ ಅವರು ಸೊನೆ ಬಿದ್ದ ಕಡೆ ಸುಣ್ಣ ಮೆತ್ತಿಕೊಂಡು ಇನ್ನಷ್ಟು ಸುಟ್ಟುಕೊಳ್ಳುತ್ತಿದ್ದರು. ಆ ಬೆಳಗ್ಗೆ ಅವರಿಬ್ಬರ ನಡುವೆ ಮಾತು ಹುಟ್ಟಿತು. ನನ್ನ ಮೂಲಕ ಹೋಗಿದ್ದರೆ ಅದು ಹುಟ್ಟುತ್ತಲೇ ಇರಲಿಲ್ಲ.

ಆದರೆ ಮಾತು ಹುಟ್ಟಿದರೆ ಜಗಳವೂ ಹುಟ್ಟುತ್ತದೆ. ಸೊನೆ ಪೂರ್ತಿ ಇಳಿಯುವವರೆಗೆ ಕಾಯಿ ಅಲುಗಾಡಬಾರದು ಎಂದು ಮೇಡಂ. “ಅಲ್ಲಿವರೆಗೆ ನಮ್ ಹೆಂಗಸ್ರು ಏನ್ ಮಾಡ್ಬೇಕು, ಪಗಡೆ ಆಡ್ಬೇಕಾ?” ಎಂದು ಮೇಸ್ತ್ರಿಯಮ್ಮ. ಕುಯ್ದ ಕಾಯಿ ಹಾಗೇ ಉಳಿದರೆ ಬಿಸಿಲಿಗೆ ಬಿಸಿಯಾಗುತ್ತದೆ, ಅದೂ ಕೆಡುಕು. ಇನ್ನು ತೂಕ. ವೆಲ್ಡರ್ ಎಷ್ಟು ಹಗುರ ಮಾಡಿದರೂ ಕಾಯಿ ತುಂಬಿದ ಮೇಲೆ ಬಲೆ ನಡುವೆ ಜೋತುಬಿದ್ದು, ಕಾಯಿಗಳೆಲ್ಲ ಒಂದರ ಮೇಲೊಂದು ಉರುಳಿ ಗುಂಪುಗೂಡುತ್ತಿದ್ದವು. ಒಂದರ ಸೊನೆ ಇನ್ನೊಂದಕ್ಕೆ. ಬಲೆ ಬಿಗಿಮಾಡಲು ನಡುವೆ ಪೈಪು ಹಾಕಿದರೆ ಮತ್ತೆ ಭಾರ. ಎರಡು ಸಲ ಕಟ್ಟಿ ಎರಡು ಸಲ ಬಿಚ್ಚಿದ. ಮೂರನೆಯ ಸಲ ಬಿಚ್ಚುವಾಗ ಅವನ ಮುಖ ನೋಡಿ, ಇವತ್ತು ಇವನು ಬಸ್ಸು ಹತ್ತುತ್ತಾನೆ ಅಂದುಕೊಂಡೆ.

ಅಲ್ಲಿಯವರೆಗೆ ನಾನು ಸುಮ್ಮನೆ ನೆರಳಲ್ಲಿ ಕೂತು ಚಹಾ ತರಿಸುವವನಾಗಿದ್ದೆ. ಆಗ ನನಗೆ ಹೊಳೆಯಿತು, ಇದೂ ಚೌಕಾಸಿಯೇ. ದುಡ್ಡಿನದಲ್ಲ, ಬೇಕುಗಳದ್ದು. ಎಲ್ಲರ ಎದುರಿಗೇ ಶುರು ಮಾಡಿದೆ.

“ಮೇಡಂ, ನಿಮಗೆ ಕಾಯಿ ನಿಲ್ಲಬೇಕು. ಸರಿ. ಅಕ್ಕ, ನಿನಗೆ ಕೈ ನಿಲ್ಲಬಾರದು. ಅದೂ ಸರಿ. ಕಾಯಿ ನಿಂತೇ ಇರ್ಲಿ, ಆದ್ರೆ ಕೈಗೆ ಬೇರೆ ಕೆಲಸ ಕೊಟ್ರೆ ಒಪ್ತೀರಾ?”

“ಏನ್ ಕೆಲಸ?” ಅಂದಳು ಮೇಸ್ತ್ರಿಯಮ್ಮ.

“ಇನ್ನೊಂದು ಮಂಚ ತುಂಬೋ ಕೆಲಸ.”

ಅವಳು ಯೋಚಿಸಿದಳು. “ಒಂದು ಸೊನೆ ಬಿಡ್ತಾ ಇದ್ರೆ ಇನ್ನೊಂದು ತುಂಬ್ತಾ ಇರಾದು. ಎರಡನೇದು ತುಂಬೋ ಹೊತ್ಗೆ ಮೊದ್ಲುದ್ದು ಇಳ್ದಿರ್ತದೆ.”

“ಇಳಿದಿರತ್ತೆ” ಅಂದರು ಮೇಡಂ. “ನೆರಳಲ್ಲಿ ಇಟ್ರೆ ಬಿಸಿನೂ ಆಗಲ್ಲ.”

“ಎರಡು ಮಾಡಕ್ಕೆ ಪೈಪ್ ಎಲ್ಲಿದೆ?” ಎಂದು ನಾನು ವೆಲ್ಡರನ ಕಡೆ ತಿರುಗಿದೆ.

ಅವನು ನೆಲದ ಮೇಲೆ ಬಿದ್ದಿದ್ದ ಚೌಕಟ್ಟನ್ನು ನೋಡುತ್ತಲೇ ಇದ್ದ. ಆಮೇಲೆ ಸೀಮೆಸುಣ್ಣ ತೆಗೆದು ಅದರ ನಟ್ಟನಡುವೆ ಒಂದು ಗೆರೆ ಎಳೆದ. “ಇದನ್ನೇ ಅರ್ಧ ಮಾಡ್ತೀನಿ. ಚಿಕ್ಕದಕ್ಕೆ ಬಲೆ ಜೋತುಬೀಳಲ್ಲ, ನಡುವೆ ಪೈಪೂ ಬೇಡ. ಕಾಲು ಮಡಚೋ ಹಾಗೆ ಮಾಡ್ತೀನಿ. ಅಕ್ಕಾ, ನೀವು ಒಬ್ರೇ ಎತ್ತಬಹುದು.”

ಕಾಯುವ ತೊಂದರೆಯೂ ತೂಕದ ತೊಂದರೆಯೂ ಒಂದೇ ಗೆರೆಯಲ್ಲಿ ಮುಗಿದವು. ಅದನ್ನು ಯಾರು ಕಂಡುಹಿಡಿದರು ಎಂದು ಕೇಳಿದರೆ ನನಗೆ ಇವತ್ತಿಗೂ ಹೇಳಲು ಬರುವುದಿಲ್ಲ. ಮಾತು ನಾಲ್ಕು ಬಾಯಿ ಸುತ್ತಿ ಬರುವಷ್ಟರಲ್ಲಿ ಅದಾಗಿಬಿಟ್ಟಿತ್ತು. ಸಂಜೆಯ ಬಿಸಿಲಲ್ಲಿ ಬೆಸುಗೆಯ ಕಿಡಿ ಹಾರುತ್ತಿದ್ದರೆ ಹೆಂಗಸರು ದೂರದಲ್ಲಿ ಕೂತು, ಮರದಿಂದ ಹೂವು ಉದುರುವುದನ್ನು ನೋಡುವ ಹಾಗೆ ಅದನ್ನೇ ನೋಡುತ್ತಿದ್ದರು. ಮೇಸ್ತ್ರಿಯಮ್ಮ ಮಡಚಿದ ಮಂಚವನ್ನು ತಲೆಯ ಮೇಲಿಟ್ಟುಕೊಂಡು ತೋಟದ ಆ ತುದಿಗೆ ಹೋಗಿ ಬಂದಳು. “ಪರವಾಗಿಲ್ಲ” ಅಂದಳು. ಅವಳ ಬಾಯಲ್ಲಿ ಅದು ಸನ್ಮಾನ.

ಎರಡನೆಯ ಕೊಯ್ಲಿನ ಬೆಳಗ್ಗೆ ಮೋಡವಿತ್ತು. ಮಾತು ಕಡಿಮೆ. ದೋಟಿಯ ಕತ್ತಿಯ ಚಕ್ ಸದ್ದು, ಚೀಲ ಇಳಿಯುವುದು, ಕಾಯಿಯನ್ನು ತಲೆಕೆಳಗಾಗಿ ಹಿಡಿದು ತೊಟ್ಟು ಕತ್ತರಿಸುವುದು, ಬಲೆಯ ಮೇಲೆ ಕೂರಿಸುವುದು. ಬಲೆಯ ಕೆಳಗೆ ಸೊನೆ ಹನಿಹನಿಯಾಗಿ ಒಣ ಎಲೆಯ ಮೇಲೆ ಬೀಳುವ ಸದ್ದು ಕೇಳುವಷ್ಟು ನಿಶ್ಶಬ್ದ. ಮಳೆ ಶುರುವಾಗುವ ಮುನ್ನಿನ ಸದ್ದು ಅದು, ಆದರೆ ಮಳೆ ಇಲ್ಲ. ನಾನು ಮರದಿಂದ ಮರಕ್ಕೆ ಹೋಗುತ್ತಾ, ಇದು ನನ್ನ ತೋಟವೋ, ನಾನು ಯಾರದೋ ತೋಟದೊಳಗೆ ತಪ್ಪಿ ಬಂದಿದ್ದೇನೋ ಎನ್ನುವ ಹಾಗಿದ್ದೆ. ಸುಣ್ಣದ ತಿಳಿಯಿಂದ ಎದ್ದ ಕಾಯಿಗಳು ಗೋಣಿಯ ಮೇಲೆ ಆರುತ್ತಿದ್ದವು, ಈಗಷ್ಟೇ ಹುಟ್ಟಿದವುಗಳ ಹಾಗೆ.

ಖರೀದಿದಾರ ಬಂದ. ಮೊದಲಿನಂತೆಯೇ ತಳದಿಂದ ತೆಗೆದ, ಹೊರಳಿಸಿದ, ಮೂಸಿದ. ಬಲೆಯ ಅಚ್ಚು ಬಿದ್ದಿದ್ದ ಕೆಲವನ್ನು ಪಕ್ಕಕ್ಕಿಟ್ಟ. ಮತ್ತೊಂದು ಕ್ರೇಟು ತರಿಸಿದ. ಮೇಸ್ತ್ರಿಯಮ್ಮ ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ಅವಳ ಹಿಂದೆ ಹೆಂಗಸರು ದೋಟಿ ನೆಲಕ್ಕೂರಿ ಸಾಲಾಗಿ ನಿಂತಿದ್ದರು.

“ಲೋಡ್ ಮಾಡ್ಸಿ” ಅಂದ ಅವನು. “ಈ ಸೀಸನ್ ಮುಗಿಯೋವರ್ಗೂ ಇಲ್ಲಿಂದಾನೇ ತಗೋತೀನಿ. ಇದೇ ಗುಂಪು ಕುಯ್ಯಬೇಕು, ಬೇರೆಯವ್ರು ಬೇಡ.” ಫೋನು ತೆಗೆದ. “ಯಾರ ನಂಬರ್ ಇಟ್ಕೊಳ್ಲಿ? ಏನಾದ್ರೂ ಬದಲಾವಣೆ ಬೇಕಾದ್ರೆ ಯಾರನ್ನ ಕೇಳ್ಬೇಕು?”

ಮಂಡಿಯಲ್ಲಿ ಇಂಥ ಪ್ರಶ್ನೆಗೆ ನನ್ನ ಬಾಯಿ ನನಗಿಂತ ಮೊದಲು ಉತ್ತರ ಕೊಡುತ್ತದೆ. ಆವತ್ತು ಅದು ತಡವರಿಸಿತು. ಆ ಸಂದಿಯಲ್ಲಿ ಮೇಸ್ತ್ರಿಯಮ್ಮ ಮುಂದೆ ಬಂದಳು.

“ನಾಲ್ವರ್ನೂ ಕೇಳ್ಬೇಕು ಸಾಮಿ” ಅಂದಳು. “ನಾಲ್ವರ್ದೂ ಬರ್ಕಳಿ. ಒಬ್ರನ್ನೇ ಕೇಳಿದ್ರೆ ಅರ್ಧ ಉತ್ತರ ಸಿಗ್ತದೆ, ಅದೂ ತಿರುವುಮುರುವು.”

ವೆಲ್ಡರ್ ಬೇರೆ ಕಡೆ ತಿರುಗಿ ನಕ್ಕ. ಮೇಡಂ ನಗಲಿಲ್ಲ, ನಂಬರು ಹೇಳಿದರು. ನಾನು ಕೊನೆಯವನಾಗಿ ಹೇಳಿದೆ.

ಇದನ್ನು ಓದುತ್ತಿರುವ ನೀವು ಮಾವಿನವರೇ ಆಗಿರಬೇಕಿಲ್ಲ. ರೇಷ್ಮೆ ಇರಬಹುದು, ಟೊಮೇಟೊ ಇರಬಹುದು, ಹಾಲಿನ ಡೇರಿ ಇರಬಹುದು. ಹೊಸದೊಂದನ್ನು ಮಾಡಲು ಹೊರಟರೆ ಮೊದಲು ನಿಮ್ಮ ಜೊತೆ ಚಹಾ ಕುಡಿಯುವವರನ್ನು ಬಿಟ್ಟುಬಿಡಿ. ಅವರು ಒಳ್ಳೆಯವರೇ, ಆದರೆ ನಿಮಗೆ ಬರುವುದೇ ಅವರಿಗೂ ಬರುತ್ತದೆ. ಕೈಯವರೊಬ್ಬರು, ಓದಿನವರೊಬ್ಬರು, ದಿನಾ ಅದೇ ಕೆಲಸದಲ್ಲಿ ಬೆವರುವವರೊಬ್ಬರು, ಮಾತು ಕೂಡಿಸುವವರೊಬ್ಬರು ಇರಲಿ. ಅದಕ್ಕಿಂತ ದೊಡ್ಡ ಗುಂಪು ಮೊದಲಿಗೆ ಬೇಡ. ಅವರನ್ನು ಕೆಲಸ ನಡೆಯುವ ಜಾಗದಲ್ಲೇ ಕೂರಿಸಿ. ಅಸಲಿ ವಸ್ತುವನ್ನೇ ಮುಂದಿಡಿ, ಅದರ ಬದಲಿಗೆ ಇನ್ನೊಂದನ್ನು ತೋರಿಸಬೇಡಿ. ಗುಟ್ಟು ಹೊರಗೆ ಹೋಗುತ್ತದೆಂದು ಹೆದರಬೇಡಿ. ಗುಟ್ಟು ಕಾದು ನಾನು ಕಳಕೊಂಡಷ್ಟನ್ನು ಯಾವ ಕಳ್ಳನೂ ನನ್ನಿಂದ ಕದಿಯಲಾರ. ಪಾಲು ಎಷ್ಟೆಂದು ಎಲ್ಲರೂ ಒಟ್ಟಿಗೆ ಕೂತಿರುವಾಗಲೇ, ಒಂದೇ ಸಲ ಹೇಳಿ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುವ ಕೆಲಸಕ್ಕೆ ಮಾತ್ರ ಹೋಗಬೇಡಿ. ಎಷ್ಟೇ ಜಾಣರಾಗಿರಿ, ದಾರಿಯಲ್ಲಿ ಒಂದಿಷ್ಟು ಚೆಲ್ಲುತ್ತದೆ.

ಇನ್ನೊಂದು ಮಾತು. ಕಟ್ಟಿದ್ದನ್ನು ಕೊನೆಗೆ ಯಾರು ಹೊರಬೇಕೋ ಅವರಿಗೆ ಬೇಡ ಅನ್ನುವ ಹಕ್ಕು ಕೊಡಿ. ಅವರು ಬೇಡ ಅಂದಾಗ ನಿಮಗೆ ಸಿಟ್ಟು ಬರುತ್ತದೆ, ದುಡ್ಡು ಹೋಯಿತು ಅನಿಸುತ್ತದೆ. ಸಿಟ್ಟು ಇಳಿಯುವವರೆಗೆ ಒಂದು ಸುತ್ತು ನಡೆದು ಬನ್ನಿ. ಬಂದ ಮೇಲೆ ಅವರ ಜೊತೆ ನೀವೂ ಒಂದು ತುದಿ ಹಿಡಿದು ಎತ್ತಿ ನೋಡಿ.